ಮನೆಯಲ್ಲೇ ಕಪಾಟು ಮಾಡ್ತೀರಾ? ಮೊದಲು ಪ್ಲೈವುಡ್ ಮೇಲಿನ ನಂಬರ್ ನೋಡಿ

ಸಿಂಕ್ ಕೆಳಗಿನ ಕಪಾಟು ಎರಡು ಮಳೆಗಾಲ ಕಳೆಯೋದ್ರೊಳಗೆ ಉಬ್ಬಿ, ಬಾಗಿಲು ಮುಚ್ಚೋಕೆ ಬರದಂತಾಗುವುದು ಹಲವು ಮನೆಗಳ ಗೋಳು. ದುಡ್ಡು ಉಳಿಸೋಕೆ ಅಂತ ತಾವೇ ಕಪಾಟು ಮಾಡಿಕೊಳ್ಳುವವರು ಎಡವೋದು ಎರಡು ಕಡೆ: ಶೀಟ್ ಆರಿಸುವಾಗ, ಜೋಡಿಸುವಾಗ.

ಯಾವ ಶೀಟ್?
ಪ್ಲೈವುಡ್ ಮೇಲೆ ಐಎಸ್‌ಐ ಗುರುತಿನ ಜೊತೆ ಒಂದು ನಂಬರ್ ಇರುತ್ತೆ. ಐಎಸ್ 303ರ ಎಂಆರ್ ದರ್ಜೆ ಗಾಳಿಯ ತೇವ ತಡೆಯುತ್ತೆ, ಆದರೆ ನೀರು ನಿಂತರೆ ಪದರ ಬಿಡುತ್ತೆ. ಬಟ್ಟೆ, ಪುಸ್ತಕದ ಕಪಾಟಿಗೆ ಅದು ಸಾಕು. ಸಿಂಕ್, ಬಚ್ಚಲ ಪಕ್ಕಕ್ಕೆ ಐಎಸ್ 710ರ ಮರೈನ್ ಪ್ಲೈವುಡ್ಡೇ ಬೇಕು. ಪಾರ್ಟಿಕಲ್ ಬೋರ್ಡ್ ಅಗ್ಗ ನಿಜ, ಆದರೆ ಒಮ್ಮೆ ನೀರು ಕುಡಿದು ಉಬ್ಬಿದರೆ ಮತ್ತೆ ಮೊದಲಿನಂತೆ ಆಗಲ್ಲ.

ಜೋಡಿಸೋದು ಹೇಗೆ?
ಬರೀ ಮೊಳೆ ಹೊಡೆದ ಮೂಲೆ ಬೇಗ ಸಡಿಲ ಆಗುತ್ತೆ. 18 ಎಂಎಂ ಹಲಗೆಗಳಿಗೆ ಮೊದಲು ಸಣ್ಣ ತೂತು ಕೊರೆದು, ಅಂಟು ಹಚ್ಚಿ, 2 ಇಂಚಿನ ಸ್ಕ್ರೂ ಹಾಕಬೇಕು. ತೂತಿಲ್ಲದೆ ತಿರುಗಿಸಿದರೆ ಅಂಚಿನ ಪದರ ಸೀಳುತ್ತೆ. ಭಾರದ ಪಾತ್ರೆ ಇಡೋ ಅಡ್ಡಹಲಗೆಯನ್ನು ಪಕ್ಕದ ಹಲಗೆಯಲ್ಲಿ 6 ಎಂಎಂ ಆಳ ಕಚ್ಚು ತೆಗೆದು ಕೂರಿಸಿದರೆ ಭಾರ ಸ್ಕ್ರೂ ಮೇಲೆ ಬೀಳಲ್ಲ.

ಅಂಟು ಒಣಗೋ ಮುಂಚೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ಎರಡೂ ಅಳತೆ ಒಂದೇ ಬಂದರೆ ಚೌಕ ಸರಿ ಇದೆ ಅಂತ ಅರ್ಥ. ಆಮೇಲೆ ಹಿಂಬದಿಗೆ 6 ಎಂಎಂ ಶೀಟ್ ಹೊಡೆದರೆ ಕಪಾಟು ವಾಲಲ್ಲ. ನೆಲ ತೊಳೆಯೋ ನೀರು ತಾಗದಂತೆ 4 ಇಂಚು ಎತ್ತರದ ಕಾಲು ಕೊಡಿ, ಕತ್ತರಿಸಿದ ಅಂಚುಗಳನ್ನೆಲ್ಲ ಮುಚ್ಚಿ.

ಬಾಯಲ್ಲಿ ‘ಮರೈನ್’ ಅಂದರೆ ಸಾಲದು. ಶೀಟ್ ಮೇಲಿನ ನಂಬರನ್ನು ಬಿಲ್‌ನಲ್ಲೂ ಬರೆಸಿಕೊಳ್ಳಿ. ನಾಳೆ ಪದರ ಬಿಟ್ಟರೆ ಗಿರಾಕಿಗೂ ಅಂಗಡಿಯವರಿಗೂ ಜಗಳ ತಪ್ಪುತ್ತೆ.