ಬಿರುಕಿನಲ್ಲಿ ಸಿಕ್ಕ ವಿದ್ಯುತ್

ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಹೊರಳಿದರೆ ಶಿವಗಂಗೆ ಬೆಟ್ಟದ ದಾರಿ. ಈ ಗ್ರಾನೈಟ್ ಬಂಡೆಯಲ್ಲಿ ನೂರಕ್ಕೆ ಸುಮಾರು 70 ಪಾಲು ಸಿಲಿಕಾ, ಅಂದರೆ ಆಮ್ಲಜನಕದೊಂದಿಗೆ ಬೆಸೆದುಕೊಂಡ ಸಿಲಿಕಾನ್. ಸೋಲಾರ್ ದೀಪದ ಕಂಬದ ಮೇಲಿರುವ ಕಡುನೀಲಿ ಫಲಕಕ್ಕೂ ಇದೇ ಮೂಲಧಾತು. ಆದರೆ ಬಂಡೆ ದಿನವಿಡೀ ಬಿಸಿಲುಂಡರೂ ಕಾಯುತ್ತದೆ ಅಷ್ಟೇ, ವಿದ್ಯುತ್ ಹುಟ್ಟದು. ಬೆಣಚುಕಲ್ಲನ್ನು ಇದ್ದಿಲಿನ ಜೊತೆ ಕುಲುಮೆಗೆ ಹಾಕಿ ಸಿಲಿಕಾನ್ ಬೇರ್ಪಡಿಸಿ, ಅಪ್ಪಟಗೊಳಿಸಿದರೂ ಸಾಲದು. ಅದಕ್ಕೆ ಮತ್ತೆ ಚೂರು ಬೆರಕೆ ಬೀಳಬೇಕು. ಇದು ಗೊತ್ತಾದ ಬಗೆಯೇ ಸೌರಕೋಶದ ಕತೆಯಲ್ಲಿ ನನಗೆ ಬಹಳ ಪ್ರಿಯ.

ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲೇ ಕಂಡಿದ್ದರು. ಆಮೇಲೆ ಬಂದ ಸೆಲೆನಿಯಂ ಕೋಶಗಳು ದುರ್ಬಲ. 1940ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ರಸೆಲ್ ಓಲ್ ಒಂದು ಸಿಲಿಕಾನ್ ತುಂಡನ್ನು ಪರೀಕ್ಷಿಸುತ್ತಿದ್ದರು. ಅದರಲ್ಲೊಂದು ಬಿರುಕಿತ್ತು. ಬೆಳಕು ಬಿದ್ದಾಗೆಲ್ಲ ಅದರಲ್ಲಿ ವಿದ್ಯುತ್ ಕಾಣಿಸಿಕೊಳ್ಳುತ್ತಿತ್ತು. ಒಡಕು ತುಂಡೆಂದು ಓಲ್ ಅದನ್ನು ಎಸೆಯಲಿಲ್ಲ, ಕಾರಣ ಹುಡುಕಿದರು. ಕರಗಿದ ಸಿಲಿಕಾನ್ ತಣಿಯುವಾಗ ಅದರೊಳಗಿನ ಕಲ್ಮಶಗಳು ಬೇರ್ಪಟ್ಟು, ಬಿರುಕಿನ ಆಚೆಗೊಂದು, ಈಚೆಗೊಂದು ಬಗೆಯವು ಸೇರಿಕೊಂಡಿದ್ದವು.

ಈಗ ಅದನ್ನೇ ಬೇಕೆಂದು ಮಾಡುತ್ತಾರೆ. ಸಿಲಿಕಾನ್ ಪರಮಾಣುವಿನ ಹೊರಕವಚದಲ್ಲಿ 4 ಎಲೆಕ್ಟ್ರಾನುಗಳು. ಒಂದು ಪದರಕ್ಕೆ 5 ಇರುವ ರಂಜಕ, ಇನ್ನೊಂದಕ್ಕೆ 3 ಇರುವ ಬೋರಾನ್ ಬೆರೆಸಿದರೆ ಅಲ್ಲಿ ಎಲೆಕ್ಟ್ರಾನು ಹೆಚ್ಚು, ಇಲ್ಲಿ ಕೊರತೆ. ಎರಡೂ ಕೂಡುವ ಗಡಿಯಲ್ಲಿ ವಿದ್ಯುತ್ ಕ್ಷೇತ್ರವೊಂದು ತಾನಾಗಿ ಏರ್ಪಡುತ್ತದೆ. ಬೆಳಕಿನ ಕಣ ಬಡಿದು ಬಿಡಿಸಿದ ಎಲೆಕ್ಟ್ರಾನನ್ನು ಈ ಕ್ಷೇತ್ರ ಇಳಿಜಾರಿನ ನೀರಿನಂತೆ ಒಂದೇ ಕಡೆಗೆ ಹರಿಸುತ್ತದೆ. ಫಲಕದ ಹತ್ತಿರ ಹೋಗಿ ನೋಡಿ: ಅದರ ಮೇಲಿನ ಸಪೂರ ಬೆಳ್ಳಿಗೆರೆಗಳೇ ಆ ಹರಿವನ್ನು ಕೂಡಿಸಿ ತಂತಿಗೆ ದಾಟಿಸುವಂಥವು.

1954ರಲ್ಲಿ ಬೆಲ್‌ನವರೇ ಆದ ಚಾಪಿನ್, ಫುಲ್ಲರ್, ಪಿಯರ್ಸನ್ ಶೇ 6ರಷ್ಟು ದಕ್ಷತೆಯ ಕೋಶ ತೋರಿಸಿದರು. ಬೆಲೆ ವಿಪರೀತ. ಹಾಗಾಗಿ ಅದು ಆರಂಭದಲ್ಲಿ ಹೆಚ್ಚಾಗಿ ಒದಗಿದ್ದು ಉಪಗ್ರಹಗಳಿಗೆ. ಶಿವಗಂಗೆಯಿಂದ ಬೆಂಗಳೂರಿಗೆ ಹೋಗುವ ತುಮಕೂರು ರಸ್ತೆಯ ಪೀಣ್ಯದಲ್ಲಿ, ಕೈಗಾರಿಕಾ ಶೆಡ್ಡುಗಳೊಳಗೆ, ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಮತ್ತು ಅವರ ತಂಡ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಬಾನಿಗೇರಿದಾಗ ಅದರ ಮೈತುಂಬ ಸೌರಕೋಶಗಳು. ಕೋಶಗಳನ್ನು ಕೊಟ್ಟದ್ದು ಸೋವಿಯತ್ ಒಕ್ಕೂಟ. ಇಡೀ ಉಪಗ್ರಹಕ್ಕೆ ದಕ್ಕಿದ್ದು 46 ವ್ಯಾಟ್. ಹಳೆಯ 60 ವ್ಯಾಟಿನ ಬಲ್ಬಿಗೂ ಸಾಲದು.

ಈಗ ತುಮಕೂರು ಜಿಲ್ಲೆಯ ಪಾವಗಡದಲ್ಲಿ, ತಿರುಮಣಿಯ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿಂತಿದೆ. ಸಿಲಿಕಾನ್ ಕೋಶ ಎಲ್ಲಿದ್ದರೂ ಒಂದೊಂದು ಕೊಡುವುದು ಅರ್ಧ ವೋಲ್ಟಿನ ಆಸುಪಾಸು. ಹತ್ತಾರು ಕೋಶಗಳನ್ನು ಸಾಲಾಗಿ ಬೆಸೆದ ಮೇಲೆಯೇ ಅದು ಫಲಕವಾಗುವುದು.