ಅಡುಗೆಮನೆಯ ಹೊಗೆಗೆ ಸರ್ಕಾರದ ಕಾಸು

ಬಳ್ಳಾರಿ ಜಿಲ್ಲೆಯ ಕೊಳಗಲ್ಲು, ಕುರುಗೋಡು, ಸಿರುಗುಪ್ಪದ ಕಡೆ ಮನೆಮಂದಿಗೆಲ್ಲ ರೊಟ್ಟಿ ಬಡಿಯುವುದೆಂದರೆ ಸಣ್ಣ ಕೆಲಸವಲ್ಲ. ಹಂಚು ಹದವಾಗಿ ಕಾಯಬೇಕು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು, ತಿರುವಬೇಕು, ಕೊನೆಗೆ ಒಲೆಯ ಬಾಯಲ್ಲಿ ಕೆಂಡದ ಕಾವಿಗೆ ಹಿಡಿದು ಉಬ್ಬಿಸಬೇಕು. ಅಷ್ಟೂ ಹೊತ್ತು ಹೆಣ್ಣುಮಗಳ ಮುಖ ಒಲೆಯ ಹತ್ತಿರವೇ ಇರುತ್ತದೆ. ಉರುವಲೆಂದರೆ ಹತ್ತಿಕಟ್ಟಿಗೆ, ಕುಳ್ಳು, ಇಲ್ಲವೇ ಬೀಳುಭೂಮಿಯಲ್ಲಿ ತಾನಾಗಿ ಹಬ್ಬಿದ ಬಳ್ಳಾರಿ ಜಾಲಿ. ಮಣ್ಣಿನ ಮಾಳಿಗೆ ಮನೆಯಾದರೆ ಗೋಡೆ ದಪ್ಪ, ಕಿಟಕಿ ಸಣ್ಣದು, ಹೊಗೆ ಹೊರಹೋಗಲು ಮೇಲಿನ ಬೆಳಕಿಂಡಿಯೊಂದೇ ದಾರಿ. ಜಂತೆಗೆ ಹತ್ತಿದ ಇಲ್ಲಣ ಕಣ್ಣಿಗೆ ಕಾಣುತ್ತದೆ, ಎದೆಗೆ ಹತ್ತಿದ್ದು ಕಾಣುವುದಿಲ್ಲ. ಹಾಗೆ ಕಾಣದ್ದನ್ನು ಸರ್ಕಾರದ ಲೆಕ್ಕಪುಸ್ತಕಕ್ಕೆ ತರಲು ಬಹಳ ವರ್ಷಗಳೇ ಬೇಕಾದವು.

ಹೊಗೆಯಿಲ್ಲದ ಒಲೆಯ ಯೋಚನೆಯೇನೂ ಹೊಸದಲ್ಲ. ಗಾಂಧೀಜಿ 1934ರಲ್ಲಿ ಕಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ನೆಲೆಯಾಗಿದ್ದ ವಾರ್ಧಾದ ಮಗನ್‌ವಾಡಿ ‘ಮಗನ್ ಚೂಲ್ಹಾ’ ಎಂಬ ಒಲೆಗೆ ತನ್ನ ಹೆಸರು ಕೊಟ್ಟಿತು. 1953ರಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್.ಪಿ. ರಾಜು ಅವರು ಚಿಮಣಿಯಿರುವ ಮಣ್ಣಿನ ಒಲೆಯ ಬಗ್ಗೆ ಪುಸ್ತಕವನ್ನೇ ಬರೆದರು. ಕೋಟ್ಯಂತರ ಬಡವರ ಅಡುಗೆಮನೆಯಿಂದ ಹೊಗೆಯನ್ನು ಹೊರಗೆ ಕಳಿಸಬೇಕೆಂಬುದೇ ಅದರ ಆಶಯ. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಪಕ್ಕದ ರಾಯಚೂರು, ಕೊಪ್ಪಳ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಂದರೆ ನಮ್ಮ ಸೀಮೆಯ ಮಗ್ಗುಲಲ್ಲೇ ಈ ಒಲೆ ಹುಟ್ಟಿತ್ತು. ಆದರೆ ಅದು ಮನೆಮನೆಗೆ ಮುಟ್ಟಲು ಬೇಕಾದ ದುಡ್ಡು ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಗಟ್ಟಿ ಬುನಾದಿ ಬಿದ್ದದ್ದು 1974ರಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಹಳ್ಳಿಯ ಕಷ್ಟವನ್ನು ಹಳ್ಳಿಯಲ್ಲೇ ಇದ್ದು ಅರಿಯಬೇಕೆಂದು ಆ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಠಾಣ್ಯ ಹೂಡಿದರು. ಅದೇ ತಾಲ್ಲೂಕಿನ ಪುರ ಎಂಬ ಪುಟ್ಟ ಊರಿನಲ್ಲಿ ಯಾವ ಯಾವ ಶಕ್ತಿ ಎಷ್ಟೆಷ್ಟು ಖರ್ಚಾಗುತ್ತದೆಂದು ಅಳೆದರು. ನೂರರಲ್ಲಿ 89 ಪಾಲು ಬರೀ ಸೌದೆಯಿಂದ ಬರುತ್ತಿತ್ತು. ವಿದ್ಯುತ್ತಿನ ಪಾಲು ಕೇವಲ 1. ಊರಿನ ಶಕ್ತಿಯ ಮೂಲ ವಿದ್ಯುತ್ ಕಂಬದಲ್ಲಿರದೆ ಹೆಂಗಸರ ತಲೆಮೇಲಿನ ಸೌದೆ ಹೊರೆಯಲ್ಲಿತ್ತು.

ಆ ಅರಿವಿನಿಂದ 1980ರ ದಶಕದ ಆರಂಭಕ್ಕೆ ಅಸ್ತ್ರ ಒಲೆ ರೂಪುಗೊಂಡಿತು. ಕೆ.ಎಸ್. ಜಗದೀಶ್, ಎಸ್.ಎಸ್. ಲೋಕರಸ್ ಮೊದಲಾದವರು ಅದಕ್ಕಾಗಿ ದುಡಿದರು. ಮೂರು ಪಾತ್ರೆ ಕೂರುವ ಮಣ್ಣಿನ ಒಲೆ, ಸೌದೆಯ ಕೆಳಗೊಂದು ಜಾಲರಿ, ಮುಚ್ಚಬಹುದಾದ ಬಾಯಿ, ಹಿಂದೆ ಚಿಮಣಿ. ಜಾಲರಿಯ ಕೆಳಗಿನಿಂದ ಗಾಳಿ ಬಂದು ಸೌದೆ ಚೆನ್ನಾಗಿ ಉರಿಯುತ್ತದೆ. ಬಿಸಿಗಾಳಿ ಮೂರೂ ಪಾತ್ರೆಗಳ ತಳವನ್ನು ಸವರಿಕೊಂಡು ಚಿಮಣಿಯ ದಾರಿ ಹಿಡಿಯುತ್ತದೆ. ಹಳೆಯ ಒಲೆಯಲ್ಲಿ ಸೌದೆಯ ಕಾವಿನಲ್ಲಿ ನೂರಕ್ಕೆ ಹತ್ತರ ಆಸುಪಾಸು ಮಾತ್ರ ಪಾತ್ರೆಗೆ ತಾಗುತ್ತಿತ್ತು. ಪ್ರಯೋಗಾಲಯದಲ್ಲಿ ಈ ಒಲೆ ಅದನ್ನು ಮೂವತ್ತರ ಆಚೆಗೆ ಒಯ್ದಿತು.

1983ರ ಕೊನೆಗೆ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಶುರು ಮಾಡಿತು. ಒಲೆಯ ಖರ್ಚಿನಲ್ಲಿ ದೊಡ್ಡ ಪಾಲು ಸಬ್ಸಿಡಿ. ಕಟ್ಟಿಕೊಡಲು ಊರೂರಲ್ಲಿ ಸ್ವಯಂ ಉದ್ಯೋಗಿಗಳಿಗೆ ತರಬೇತಿ. ಆದರೆ ಆ ದುಡ್ಡು ಮುಖ್ಯವಾಗಿ ಹೊರಟದ್ದು ಕಾಡು ಉಳಿಸುವ ಹೆಸರಿನಲ್ಲಿ. ಸೌದೆಯ ಬರ ಬಂದೀತೆಂಬ ಭಯವೇ ಆಗ ಎಲ್ಲಕ್ಕಿಂತ ದೊಡ್ಡದಾಗಿತ್ತು. ಅದೇ 1983ರಲ್ಲಿ ಸಂಶೋಧಕ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಮಾಡಿದ ಅಳತೆ ಪ್ರಕಟವಾಯಿತು. ಅಡುಗೆ ಮಾಡುವ ಹೊತ್ತಿನಲ್ಲಿ ಹೆಂಗಸರು ಉಸಿರಾಡುತ್ತಿದ್ದ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 7 ಮಿಲಿಗ್ರಾಂ ಕಣಗಳಿದ್ದವು. ಊರಾಚೆಯ ಕಾರ್ಖಾನೆಯ ಹೊಗೆಯನ್ನೇ ಮಾಲಿನ್ಯವೆಂದು ತಿಳಿದಿದ್ದ ಕಾಲವದು. ನಡುಮನೆಯೊಳಗೇ ಅದಕ್ಕಿಂತ ಕೆಟ್ಟ ಗಾಳಿಯಿದೆ ಎಂದು ಆ ಅಳತೆ ಸಾರಿ ಹೇಳಿತು. ಮಕ್ಕಳ ನ್ಯುಮೋನಿಯಾ, ದೊಡ್ಡವರ ತೀರದ ಕೆಮ್ಮು ಮತ್ತು ಉಬ್ಬಸ, ಕಣ್ಣಿನ ಪೊರೆ, ಹುಟ್ಟುವಾಗಲೇ ತೂಕ ಕಡಿಮೆಯಿರುವ ಕೂಸು, ಇವೆಲ್ಲಕ್ಕೂ ಒಲೆಯ ಹೊಗೆಗೂ ಇರುವ ನಂಟು ಮುಂದಿನ ದಶಕಗಳಲ್ಲಿ ಒಂದೊಂದಾಗಿ ಬಯಲಾಯಿತು.

ಬಡವರ ಮನೆ ಕಟ್ಟುವ ಯೋಜನೆಗೂ ಒಲೆ ಸೇರಿತು. 1985ರಲ್ಲಿ ಹುಟ್ಟಿದ ಇಂದಿರಾ ಆವಾಸ್ ಯೋಜನೆಯ ನಿಯಮದಂತೆ ಪ್ರತಿ ಮನೆಗೂ ಶೌಚಾಲಯ ಮತ್ತು ಹೊಗೆರಹಿತ ಒಲೆ ಇರಬೇಕಿತ್ತು. ಶೌಚಾಲಯ ಕಟ್ಟದಿದ್ದರೆ 600 ರೂಪಾಯಿ, ಒಲೆ ಇಲ್ಲದಿದ್ದರೆ 100 ರೂಪಾಯಿ ಸಹಾಯಧನದಲ್ಲಿ ಕಡಿತ. ಹೆಣ್ಣುಮಗಳ ಉಸಿರಿಗೆ ಸರ್ಕಾರಿ ಕಡತದಲ್ಲಿ ಬರೆದ ಬೆಲೆ ಆ ನೂರು ರೂಪಾಯಿ. ಕಡಿಮೆಯಾಯಿತು ಎನ್ನಬೇಕು. ಆದರೂ ಮನೆ ಎಂದರೆ ಸೂರು, ಗೋಡೆಯಷ್ಟೇ ಆಗದೆ ಒಳಗಿನ ಗಾಳಿಯೂ ಹೌದು ಎಂದು ಸರ್ಕಾರ ಒಪ್ಪಿಕೊಂಡ ಗುರುತೂ ಅದೇ.

2002ರಲ್ಲಿ ಕೇಂದ್ರ ಕೈತೊಳೆದುಕೊಂಡು ಒಲೆಗಳ ಹೊಣೆಯನ್ನು ರಾಜ್ಯಗಳಿಗೆ ಬಿಡುವ ಹೊತ್ತಿಗೆ ದೇಶದಲ್ಲಿ ಸುಮಾರು 3.5 ಕೋಟಿ ಸುಧಾರಿತ ಒಲೆಗಳು ಬಂದಿದ್ದವು. ಅವುಗಳಲ್ಲಿ ಎಷ್ಟು ಉರಿಯುತ್ತಿದ್ದವು? 1990ರ ದಶಕದ ನಡುವೆ ನಡೆದ ಸಮೀಕ್ಷೆಯ ಪ್ರಕಾರ ನೂರಕ್ಕೆ ಸುಮಾರು 60 ಮಾತ್ರ ಬಳಕೆಯಲ್ಲಿದ್ದವು. ಚಿಮಣಿಯಲ್ಲಿ ಮಸಿ ಕಟ್ಟಿದರೆ ತೆಗೆಯುವವರಿಲ್ಲ, ಒಡೆದರೆ ಹೊಸ ಕೊಳವೆಗೆ ಹಣವಿಲ್ಲ. ಮುಚ್ಚಿದ ಒಲೆಗೆ ಸೌದೆಯನ್ನು ಸಣ್ಣಗೆ ಸೀಳಿ ಹಾಕಬೇಕು. ಮಾರುದ್ದದ ಹತ್ತಿಕಟ್ಟಿಗೆಯನ್ನು ಒಲೆಗಿಟ್ಟು ಉರಿದಂತೆಲ್ಲ ಒಳದೂಡುವ ನಮ್ಮ ಕಡೆಯ ರೂಢಿಗೆ ಅದು ಒಗ್ಗುವಂಥದ್ದಲ್ಲ. ಕೆಂಡಕ್ಕೆ ಹಿಡಿದು ರೊಟ್ಟಿ ಉಬ್ಬಿಸಲು ತೆರೆದ ಬಾಯಿಯೂ ಬೇಕು. ರೊಟ್ಟಿ ಬಡಿಯುವವಳನ್ನು ಕೂರಿಸಿಕೊಂಡು ಕೇಳಿದ್ದರೆ ಇದೆಲ್ಲ ಮೊದಲ ದಿನವೇ ತಿಳಿಯುತ್ತಿತ್ತು.

ಆಮೇಲೆ ಸರ್ಕಾರದ ಕಾಸು ಒಲೆಯಿಂದ ಸಿಲಿಂಡರಿನತ್ತ ಹೊರಳಿತು. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲಾ ಯೋಜನೆ ಆರಂಭವಾಯಿತು. ಬಡ ಕುಟುಂಬದ ಹೆಣ್ಣುಮಗಳ ಹೆಸರಿಗೆ ಗ್ಯಾಸ್ ಸಂಪರ್ಕ, ಅದಕ್ಕೆ 1,600 ರೂಪಾಯಿ ನೆರವು. ಆ ಪಟ್ಟಿಯಿಂದ ಹೊರಗುಳಿದವರಿಗಾಗಿ ಕರ್ನಾಟಕ ಸರ್ಕಾರ 2017ರಲ್ಲಿ ಮುಖ್ಯಮಂತ್ರಿ ಅನಿಲ ಭಾಗ್ಯ ಯೋಜನೆಯನ್ನು ತಂದಿತು. 2019ರ ಸೆಪ್ಟೆಂಬರ್ ಹೊತ್ತಿಗೆ ಉಜ್ವಲಾ ಸಂಪರ್ಕ 8 ಕೋಟಿ ಮುಟ್ಟಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶುದ್ಧ ಇಂಧನ ಬಳಸುವ ಮನೆಗಳು 2015–16ರಲ್ಲಿ ನೂರಕ್ಕೆ 55ರಷ್ಟಿದ್ದದ್ದು 2019–21ಕ್ಕೆ ಸುಮಾರು 80ಕ್ಕೇರಿದವು. ಇದು ಸಣ್ಣ ಸಾಧನೆಯಲ್ಲ, ಮನಸಾರೆ ಮೆಚ್ಚಬೇಕಾದದ್ದು.

ಆದರೆ ಆ ಸಮೀಕ್ಷೆ ಕೇಳುವುದು ಮನೆಯ ಮುಖ್ಯ ಇಂಧನ ಯಾವುದೆಂದು ಮಾತ್ರ. ಗ್ಯಾಸ್ ಇದ್ದ ಮನೆಯಲ್ಲೂ ಒಲೆ ಹೊತ್ತುತ್ತದೆ. 2019–20ರಲ್ಲಿ ಉಜ್ವಲಾ ಕುಟುಂಬವೊಂದು ವರ್ಷಕ್ಕೆ ಸರಾಸರಿ ತುಂಬಿಸಿಕೊಂಡದ್ದು ಸುಮಾರು 3 ಸಿಲಿಂಡರ್. ಮೂರು ಹೊತ್ತಿನ ಅಡುಗೆಯನ್ನು ಅಷ್ಟರಲ್ಲಿ ಮುಗಿಸಲಾಗದು. 2022ರಲ್ಲಿ 14.2 ಕೆ.ಜಿ. ಸಿಲಿಂಡರಿನ ಬೆಲೆ ಸಾವಿರ ರೂಪಾಯಿ ದಾಟಿದಾಗ ಉಜ್ವಲಾದವರಿಗೆ 200 ರೂಪಾಯಿ ಸಬ್ಸಿಡಿ ಬಂತು, 2023ರಲ್ಲಿ ಅದು 300ಕ್ಕೇರಿತು. “ಚಹಾಕ್ಕ, ಸಾರಿಗೆ ಗ್ಯಾಸ್, ರೊಟ್ಟಿಗೆ, ಜಳಕದ ನೀರಿಗೆ ಒಲಿ” ಎಂಬ ಹಂಚಿಕೆ ನಮ್ಮ ಹಳ್ಳಿಗಳಲ್ಲಿ ಹೀಗೆ ಬೇರೂರಿತು. ಕೂಲಿಯ ಮನೆಯಲ್ಲಿ ಜಾಲಿ ಕಟ್ಟಿಗೆ ಪುಕ್ಕಟೆ, ಸಿಲಿಂಡರಿಗೆ ಒಂದೇ ಸಲಕ್ಕೆ ಕೈಗಂಟು ಬಿಚ್ಚಬೇಕು.

ಅರ್ಧ ಹೊಗೆ ಹೋದರೆ ಅರ್ಧ ರೋಗವಾದರೂ ಹೋಗುತ್ತದಲ್ಲ ಎನ್ನಬಹುದು. ಎದೆಯ ಲೆಕ್ಕ ಹಾಗಿಲ್ಲ. ಹೊಗೆ ಬಹುಪಾಲು ಇಳಿಯುವವರೆಗೆ ರೋಗದ ಭಯ ಅಷ್ಟಾಗಿ ಇಳಿಯುವುದಿಲ್ಲ. ಆದ್ದರಿಂದ ಸಂಪರ್ಕ ಕೊಟ್ಟಲ್ಲಿಗೆ ಕೆಲಸ ಅರ್ಧವಾಯಿತು ಎಂದುಕೊಳ್ಳುವುದೂ ತಪ್ಪಾದೀತು.

ಬ್ರಿಟನ್ ಈ ಪಾಠವನ್ನು ಬೇರೆ ದಾರಿಯಲ್ಲಿ ಕಲಿಯಿತು. 1952ರ ಡಿಸೆಂಬರ್‌ನಲ್ಲಿ ಲಂಡನ್ನಿನ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1956ರ ಶುದ್ಧ ಗಾಳಿ ಕಾಯ್ದೆ ಬಡಾವಣೆಗೆ ಬಡಾವಣೆಯನ್ನೇ ಹೊಗೆ ನಿಯಂತ್ರಣ ಪ್ರದೇಶವೆಂದು ಸಾರಲು ಅವಕಾಶ ಕೊಟ್ಟಿತು. ಅಲ್ಲಿನ ಮನೆಯವರು ಒಲೆ ಬದಲಿಸಲು ಮಾಡಿದ ಯೋಗ್ಯ ಖರ್ಚಿನಲ್ಲಿ ಹತ್ತರಲ್ಲಿ ಏಳು ಪಾಲನ್ನು ಸ್ಥಳೀಯ ಆಡಳಿತ ಮರಳಿಸಬೇಕಿತ್ತು, ಅದರಲ್ಲಿ ನಾಲ್ಕು ಪಾಲನ್ನು ಕೇಂದ್ರ ಖಜಾನೆ ಕೊಡುತ್ತಿತ್ತು. ಒಂಟಿ ಮನೆಯನ್ನು ನೋಡದೆ ಇಡೀ ಬಡಾವಣೆಯ ಗಾಳಿಯನ್ನು ನೋಡಿದ್ದು ಅದರ ಜಾಣತನ. ನೆರೆಮನೆಯ ಹೊಗೆಗೆ ನಮ್ಮ ಬಾಗಿಲು ಅಡ್ಡವಲ್ಲ.

ಬಳ್ಳಾರಿಗೆ ಇಂಥದ್ದನ್ನು ಮಾಡುವ ದುಡ್ಡಿಲ್ಲವೆಂದು ಹೇಳುವಂತಿಲ್ಲ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಬಂದವು. ಗಣಿ ಕಂಪನಿಗಳು ಅವುಗಳಿಗೆ ಕಟ್ಟುವ ಹಣದಲ್ಲಿ ದೊಡ್ಡ ಪಾಲು ಕುಡಿಯುವ ನೀರು, ಆರೋಗ್ಯ, ಮಾಲಿನ್ಯ ತಡೆ, ಮಹಿಳೆಯರು ಮತ್ತು ಮಕ್ಕಳ ಕಲ್ಯಾಣದಂಥ ಬಾಬತ್ತುಗಳಿಗೆ ಮೀಸಲು. ಅಡುಗೆಮನೆಯ ಹೊಗೆ ಇವುಗಳಲ್ಲಿ ಒಂದಲ್ಲ, ಮೂರು ಬಾಬತ್ತಿಗೆ ಸೇರುತ್ತದೆ. ಗಣಿಬಾಧಿತ ಊರುಗಳಲ್ಲಾದರೂ ಬಸುರಿ, ಬಾಣಂತಿಯರಿರುವ ಮನೆಗಳಿಗೆ ವರ್ಷದ ಅಷ್ಟೂ ಸಿಲಿಂಡರಿನ ಖರ್ಚನ್ನು ಈ ಹಣದಿಂದ ಭರಿಸಬಹುದು. ಕೊಳಗಲ್ಲಿನಂಥ ಉಳಿದ ಊರುಗಳಿಗೆ ರಾಜ್ಯದ ಬಜೆಟ್ಟೇ ನೆರವಾಗಬೇಕು. ರೊಟ್ಟಿ ಬೇಯುವ ದೊಡ್ಡ ಬರ್ನರ್, ಜಳಕದ ನೀರಿಗೆ ಸೋಲಾರ್ ಹೀಟರ್, ಒಲೆ ಬಿಡಲಾಗದ ಮನೆಗೆ ಚಿಮಣಿ ಮತ್ತು ಅದರ ದುರಸ್ತಿ, ಇವೆಲ್ಲ ಒಂದೇ ಯೋಜನೆಯೊಳಗೆ ಬರಬೇಕು. ಮತ್ತು ಗ್ರಾಮಸಭೆಯಲ್ಲಿ ಓದಿ ಹೇಳುವ ಲೆಕ್ಕ ಬದಲಾಗಬೇಕು. ಎಷ್ಟು ಮನೆಗೆ ಸಂಪರ್ಕ ಕೊಟ್ಟೆವೆಂಬುದನ್ನು ಸಾಕಷ್ಟು ಕೇಳಿದ್ದೇವೆ. ಈ ವರ್ಷ ಎಷ್ಟು ಮನೆಗಳು ಹೊಗೆಯಿಲ್ಲದೆ ರೊಟ್ಟಿ ಬೇಯಿಸಿದವು ಎಂಬುದಕ್ಕೆ ಜಿಲ್ಲಾಡಳಿತ ಉತ್ತರ ಕೊಡಲಿ, ಮುಂದಿನ ವರ್ಷದ ಹಣ ಆ ಉತ್ತರ ನೋಡಿಯೇ ಬಿಡುಗಡೆಯಾಗಲಿ.