ಕಣ್ಣಿನ ಆಪರೇಷನ್ ಮುಗೀತು, ಮಗು ಏಳುವಾಗ ಪಕ್ಕದಲ್ಲಿ ಯಾರಿದ್ದಾರೆ?

ದೇವರಾಯನದುರ್ಗದ ಅಜ್ಜಿಗೆ ಪೊರೆ ತೆಗೆಯಲು ಸಾಮಾನ್ಯವಾಗಿ ಕಣ್ಣಿನ ಸುತ್ತ ಒಂದು ಇಂಜೆಕ್ಷನ್, ಇಲ್ಲವೇ ಬರೀ ಡ್ರಾಪ್ಸ್ ಸಾಕು. ಅವರು ಎಚ್ಚರವಾಗೇ ಇರ್ತಾರೆ. ಆದರೆ ಹುಟ್ಟಿನಿಂದಲೇ ಪೊರೆ ಇರುವ ಮಗುವಿಗೆ ಪೂರ್ತಿ ಅರಿವಳಿಕೆ ಬೇಕು. ಅಸಲಿ ಆತಂಕ ಇರೋದು ಆ ಮಗು ಏಳುವ ಹೊತ್ತಿನಲ್ಲಿ.

ಆಗ ನುಂಗುವ, ಕೆಮ್ಮುವ ಶಕ್ತಿ ಇನ್ನೂ ಮಂಕಾಗಿರುತ್ತೆ. ಜೊಲ್ಲು, ಕಫ ಗಂಟಲಲ್ಲೇ ನಿಲ್ಲುತ್ತೆ. ಕೆಟಮಿನ್ ಕೊಟ್ಟಿದ್ದರೆ ಜೊಲ್ಲು ಇನ್ನೂ ಜಾಸ್ತಿ. ಅದರ ಹನಿ ತಾಗಿದರೆ ಧ್ವನಿಪೆಟ್ಟಿಗೆ ಗಪ್ಪನೆ ಮುಚ್ಚಿಕೊಂಡು ಉಸಿರೇ ಕಟ್ಟಬಹುದು. ಜೋರಾಗಿ ಕೆಮ್ಮಿದರೂ ಕಷ್ಟ, ಕಣ್ಣಿನೊಳಗಿನ ಒತ್ತಡ ಏರುತ್ತೆ. ಅದಕ್ಕೇ ಮಗು ಇನ್ನೂ ಗಾಢ ಅರಿವಳಿಕೆಯಲ್ಲಿರುವಾಗಲೇ ಸಕ್ಷನ್ ನಳಿಕೆಯಿಂದ ಗಂಟಲು ಶುಚಿ ಮಾಡಿ, ಆಪರೇಷನ್ ಆದ ಕಣ್ಣು ಮೇಲೆ ಬರುವಂತೆ ಮಗ್ಗುಲಾಗಿ ಮಲಗಿಸೋದು. ಅರೆಎಚ್ಚರದಲ್ಲಿ ನಳಿಕೆ ಆಡಿಸಿದರೆ ಅದೇ ಗಂಟಲನ್ನು ಕೆರಳಿಸುತ್ತೆ.

ಇಂಜಿನಿಯರಿಂಗ್ ಓದಿದ ನನ್ನ ಕಣ್ಣಿಗೆ ಸಕ್ಷನ್ ಅಂದ್ರೆ ಒಂದು ಪಂಪು, ಒಂದು ಪೈಪು. ಕರೆಂಟ್ ಹೋದರೆ ಕಾಲಲ್ಲಿ ಒತ್ತುವ ಪಂಪೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ 2008ರ ಚೆಕ್‌ಲಿಸ್ಟ್ ಪಲ್ಸ್ ಆಕ್ಸಿಮೀಟರ್ ಇದೆಯಾ ಅಂತಲೂ ಕೇಳುತ್ತೆ. ಇವೆಲ್ಲ ದುಡ್ಡು ಕೊಟ್ಟರೆ ಸಿಗುತ್ತೆ. ಕಣ್ಣು ಮಿಟುಕಿಸದೆ ಪಕ್ಕದಲ್ಲಿ ನಿಲ್ಲುವ ತರಬೇತಾದ ನರ್ಸ್‌ಗೆ ಹುದ್ದೆ ಮಂಜೂರಾಗಬೇಕು. ತುಮಕೂರು, ಗುಬ್ಬಿ, ಕುಣಿಗಲ್‌ನಲ್ಲಿ ಓಟು ಕೇಳೋಕೆ ಬಂದವರು ಹೊಸ ಥಿಯೇಟರ್ ಉದ್ಘಾಟನೆಯ ಫೋಟೊ ತೋರಿಸಿದರೆ, ಪಕ್ಕದ ರಿಕವರಿ ಕೋಣೆಯಲ್ಲಿ ಯಾರಿರ್ತಾರೆ ಅಂತ ಒಮ್ಮೆ ಕೇಳಿ ನೋಡಿ.